ಬಾಯಲ್ಲಿ ಕಲ್ಲು, ಕೈಯಲ್ಲಿ ಮಾತು

ಚರ್ಚಿನ ಧ್ಯಾನಕೂಟದಲ್ಲಿ ಕಣ್ಣು ಮುಚ್ಚಿಸಿ, ಒಂದೇ ಪದ ಹಿಡಿದು ಸುಮ್ನೆ ಕೂರಿ ಅಂದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಇದು ನಮ್ಮ ಕ್ರೈಸ್ತರದ್ದಾ, ಯೋಗದವರಿಂದ ತಂದದ್ದಾ?’ ಉತ್ತರ ಬೇಕಾದರೆ ಈಜಿಪ್ಟಿನ ಮರಳುಗಾಡಿಗೇ ಹೋಗಬೇಕು.

ಬೆಳಕು ಹರಿಯುವ ಮುಂಚೆ ಎದ್ದು ಯೇಸು ಒಬ್ಬರೇ ಹೋಗಿ ಪ್ರಾರ್ಥನೆ ಮಾಡುತ್ತಿದ್ದುದು ಮಾರ್ಕನ ಸುವಾರ್ತೆಯಲ್ಲಿದೆ. ಅದನ್ನೇ ಬದುಕು ಮಾಡಿಕೊಂಡವರಲ್ಲಿ ಹೆಸರಾದವರು 3ನೇ ಶತಮಾನದ ಸಂತ ಅಂತೋಣಿ. (ನಮ್ಮ ದೋರ್ನಹಳ್ಳಿಯ ಅಂತೋಣಿ ಬೇರೆ. ಅವರು ಪಾದುವಾದವರು, ಸುಮಾರು 900 ವರ್ಷ ಈಚಿನವರು.) ಈಜಿಪ್ಟಿನ ಈ ಅಂತೋಣಿ ಅಪ್ಪನ ಜಮೀನನ್ನು ಊರವರಿಗೆ ಬಿಟ್ಟುಕೊಟ್ಟು ಮರಳುಗಾಡಿಗೆ ಹೊರಟರು. 313ರ ನಂತರ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಮೇಲಿನ ಹಿಂಸೆ ನಿಂತಿತು, ಚರ್ಚಿಗೆ ಅಂತಸ್ತು ಬಂತು. ಆ ಅಂತಸ್ತು ಬೇಡವೆಂದು ಮರಳುಗಾಡಿಗೆ ಹೋಗುವವರೂ ಜಾಸ್ತಿಯಾದರು.

ಈ ಸನ್ಯಾಸಿಗಳ ಒಂದು ನೆಲೆ ಸ್ಕೆಟಿಸ್, ಈಜಿಪ್ಟಿನ ಇಂದಿನ ವಾದಿ ನತ್ರೂನ್ ಕಣಿವೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕೈ ಗರಿಯ ಬುಟ್ಟಿ ಹೆಣೆಯುತ್ತಿತ್ತು, ಬಾಯಿ ಬೈಬಲಿನ ಕೀರ್ತನೆ ಗುನುಗುತ್ತಿತ್ತು. ಹಿರಿಯರನ್ನು ‘ಅಬ್ಬಾ’ ಅಂತ ಕರೆಯುತ್ತಿದ್ದರು, ಅಂದರೆ ಅಪ್ಪ. ಏನಾದರೂ ಬುದ್ಧಿಮಾತು ಹೇಳಿ ಅಂತ ಬಂದವನಿಗೆ ಅಬ್ಬಾ ಮೋಸೆಸ್ ಹೇಳಿದ್ದು ಇಷ್ಟೇ: ಹೋಗಿ ನಿನ್ನ ಕೋಣೆಯಲ್ಲಿ ಕೂರು, ಅದೇ ಎಲ್ಲ ಕಲಿಸುತ್ತದೆ. ಅಬ್ಬಾ ಅಗಾಥೋನ್ ಮೌನ ಕಲಿಯಲು ಮೂರು ವರ್ಷ ಬಾಯಲ್ಲಿ ಕಲ್ಲಿಟ್ಟುಕೊಂಡಿದ್ದರಂತೆ. ದೊಡ್ಡ ಬಿಷಪರು ಬಂದಾಗ ಏನಾದರೂ ಮಾತಾಡಿ ಅಂದರೆ ಅಬ್ಬಾ ಪಂಬೋ ಒಪ್ಪಲಿಲ್ಲ. ನನ್ನ ಮೌನದಿಂದ ಸಿಗದ್ದು ಮಾತಿನಿಂದ ಸಿಕ್ಕೀತಾ ಎಂದರು.

ಕೀರ್ತನೆಯ ಒಂದೇ ಸಾಲನ್ನು, ‘ದೇವರೇ, ಸಹಾಯಕ್ಕೆ ಬಾ’ ಅನ್ನುವುದನ್ನು, ಏಳುತ್ತಾ ಕೂರುತ್ತಾ ಹೇಳಿಕೊಳ್ಳುವ ರೂಢಿ ಇಲ್ಲಿಯದೇ. 5ನೇ ಶತಮಾನದಲ್ಲಿ ಅದನ್ನು ಯುರೋಪಿನವರಿಗಾಗಿ ಬರೆದಿಟ್ಟವರು ಸನ್ಯಾಸಿ ಜಾನ್ ಕ್ಯಾಸಿಯನ್. ಒಂದು ಪದ ಹಿಡಿದು ಕೂರುವುದು ನಿನ್ನೆ ಮೊನ್ನೆಯದು ಅನ್ನುವವರಿಗೆ ಇದು ಗೊತ್ತಿದ್ದಂತಿಲ್ಲ.

ಮುಂದೆ ಮೌನಕ್ಕೂ ಕಟ್ಟಳೆ ಬಂತು. 6ನೇ ಶತಮಾನದ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮಾವಳಿಯಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಫ್ರಾನ್ಸಿನ ಕ್ಲೂನಿಯ ಮಠದಲ್ಲಿ ಬಾಯಿ ಮುಚ್ಚಿತು, ಕೈ ಮಾತಾಡಿತು: ಮೀನು ಬೇಕಾದರೆ ಅಂಗೈಯನ್ನು ಬಾಲದಂತೆ ಅಲ್ಲಾಡಿಸಿದರಾಯಿತು! 1084ರಲ್ಲಿ ಆಲ್ಪ್ಸ್ ಬೆಟ್ಟದಲ್ಲಿ ಶುರುವಾದ ಸನ್ಯಾಸಿಗಳ ಪಂಗಡ ಕಾರ್ತೂಸಿಯನ್ನರು ಇನ್ನೂ ಬಿಗಿ. ಊಟ ಬರುವುದು ಬಾಗಿಲ ಪಕ್ಕದ ಸಣ್ಣ ಕಿಂಡಿಯಿಂದ. ಆದರೂ ವಾರಕ್ಕೊಮ್ಮೆ ಎಲ್ಲರೂ ಕೂಡಿ ನಡೆದಾಡುತ್ತಾ ಹರಟಬಹುದು. ಮನುಷ್ಯರು ತಾನೇ.

ಆಮೇಲಿನ ಶತಮಾನಗಳು ಮೌನಕ್ಕೆ ಒಳ್ಳೆಯವಲ್ಲ. ಪ್ರಾಟೆಸ್ಟೆಂಟ್ ನಾಡುಗಳಲ್ಲಿ ಮಠಗಳು ಮುಚ್ಚಿದವು. ಎಲ್ಲ ಬಿಟ್ಟು ಸುಮ್ಮನಿದ್ದರೆ ಸಾಕು ಅನ್ನುವ ಬೋಧನೆಯನ್ನು 1687ರಲ್ಲಿ ರೋಮ್ ಖಂಡಿಸಿತು. ಆಮೇಲೆ ಸುಮ್ಮನೆ ಕೂರುವವರ ಮೇಲೆಲ್ಲ ಅನುಮಾನ. ಜನಸಾಮಾನ್ಯರಿಗೆ ಜಪಸರ, ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಉಳಿದವು. ಮೌನ ಮಠದ ಗೋಡೆಯೊಳಗೇ ಉಳಿಯಿತು.

ಹಾಗಾಗಿ 1960–70ರ ದಶಕದಲ್ಲಿ ಪಶ್ಚಿಮದ ಯುವಕರು ಮೌನ ಹುಡುಕಿಕೊಂಡು ಝೆನ್, ಯೋಗದ ಕಡೆ ಹೋದರು. ಆಗ ಅಮೆರಿಕದ ಸ್ಪೆನ್ಸರ್ ಮಠದ ಸನ್ಯಾಸಿಗಳು ಹಳೆಯ ಪುಸ್ತಕ ಕೆದಕಿ, ಒಂದು ಪದದ ಪ್ರಾರ್ಥನೆಯನ್ನು ಎಲ್ಲರಿಗೂ ಕಲಿಸತೊಡಗಿದರು. ಇಲ್ಲಿ ತಮಿಳುನಾಡಿನ ಕಾವೇರಿ ದಂಡೆಯ ಕ್ರೈಸ್ತ ಆಶ್ರಮ ಶಾಂತಿವನ 1950ರಲ್ಲೇ ಶುರುವಾಗಿತ್ತು. ಮೈಸೂರಿನ ಅಂಜಲಿ ಆಶ್ರಮ ಆಮೇಲೆ ಬಂತು. 1989ರಲ್ಲಿ ವ್ಯಾಟಿಕನ್ ಪತ್ರ ಬರೆಯಿತು. ಪೂರ್ವದ ಧ್ಯಾನಕ್ರಮಗಳ ಬಗ್ಗೆ ಹುಷಾರಾಗಿರಿ ಅಂದಿತು, ಆದರೆ ಪೂರ್ತಿ ಬೇಡ ಅನ್ನಲಿಲ್ಲ. ಬೇಕು ಅನ್ನುವವರೂ ಬೇಡ ಅನ್ನುವವರೂ ಅದೇ ಪತ್ರ ತೆಗೆದು ತೋರಿಸಬಹುದು.