ಎಲ್ಲ ಅಂಗಡಿಯವರೂ ಒಂದೇ ಅಂಗಡಿಯವರಲ್ಲ

ಕುಷ್ಟಗಿ ಕಡೆಯ ಒಂದು ಮದುವೆ. ಊಟಕ್ಕೆ ಕೂತಿದ್ದೆ. ಪಕ್ಕದ ಹಿರಿಯರು, ‘ಅಡ್ಡಹೆಸರೇನಪಾ?’ ಅಂತ ಕೇಳಿದರು. ‘ಅಂಗಡಿ ರೀ’ ಅಂದೆ. ಅವರ ಮುಖ ಅರಳಿತು. ‘ಅಯ್ಯ, ನಾವೂ ಅಂಗಡಿಯವರ! ಹಂಗಾದ್ರ ಅಣ್ತಮ್ಮರಾತಲ್ಲೋ ತಮ್ಮಾ!’ ಅಂತ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಹೋಳಿಗೆ ಇಳಿಯಿತು, ಅಣ್ಣತಮ್ಮರು ಅನ್ನೋ ಮಾತು ಮಾತ್ರ ಇಳಿಯಲಿಲ್ಲ.

ನಮ್ಮ ಭಾಗದ ಅಡ್ಡಹೆಸರು ಹುಟ್ಟಿದ ಬಗೆ ನೋಡಿ. ಅಂಗಡಿ ಇಟ್ಟವನು ಅಂಗಡಿ, ಮರಗೆಲಸದವನು ಬಡಿಗೇರ, ಊರ ದೊಡ್ಡ ಮಠದವನು ಹಿರೇಮಠ. ಅಂಗಡಿ ಇದ್ದ ಊರಲ್ಲೆಲ್ಲ ಒಂದು ಅಂಗಡಿ ಮನೆತನ ಹುಟ್ಟಬಹುದು. ಊರ ಹೆಸರಿನವರದ್ದು ಇನ್ನೂ ಮಜಾ. ಮುಧೋಳದಲ್ಲೇ ಇದ್ದವನನ್ನು ಯಾರೂ ಮುಧೋಳ ಅನ್ನಲ್ಲ, ಊರು ಬಿಟ್ಟು ಹೋದವನಿಗೆ ಆ ಹೆಸರು ಅಂಟುತ್ತದೆ. ಅದೂ ಯಲಬುರ್ಗಾ ತಾಲೂಕಿನ ಮುಧೋಳವೋ, ಬಾಗಲಕೋಟೆ ಕಡೆಯ ಮುಧೋಳವೋ, ಕೇಳಿಯೇ ತಿಳಿಯಬೇಕು.

ಅಡ್ಡಹೆಸರು ಅಪ್ಪನಿಂದ ಮಗನಿಗೆ ಬರುತ್ತದೆ. ಹಾಗೇ ಬರುವ ಇನ್ನೊಂದು ವಸ್ತು ವೈ ಕ್ರೋಮೊಸೋಮ್, ಗಂಡಸರ ಜೀವಕೋಶದಲ್ಲಿರುವ ಒಂದು ಡಿಎನ್‌ಎ ಎಳೆ. ಅದರಲ್ಲಿ ಅಲ್ಲಲ್ಲಿ ಜಿ-ಎ-ಟಿ-ಎ ತರದ, ಡಿಎನ್‌ಎ ಭಾಷೆಯ ನಾಲ್ಕಕ್ಷರದ ತುಣುಕು ಮತ್ತೆ ಮತ್ತೆ ಬಂದಿರುತ್ತದೆ, ಒಬ್ಬನಲ್ಲಿ 13 ಸಲ, ಇನ್ನೊಬ್ಬನಲ್ಲಿ 15 ಸಲ. ಮಗನಿಗೆ ಹೋಗುವಾಗ ಈ ಎಣಿಕೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಒಂದೊಂದು ಜಾಗದಲ್ಲಿ ತಪ್ಪಾಗೋದು ಕೆಲವು ನೂರು ತಲೆಮಾರಿಗೊಮ್ಮೆ. ಹಾಗಾಗಿ ಹತ್ತಾರು ಜಾಗದ ಎಣಿಕೆ ಹೊಂದಿದರೆ ಇಬ್ಬರಿಗೂ ಕೆಲವು ತಲೆಮಾರಿನ ಹಿಂದೆ ಒಬ್ಬನೇ ಮೂಲಪುರುಷ ಇದ್ದಿರುವ ಸಾಧ್ಯತೆ ಹೆಚ್ಚು.

ಇಂಗ್ಲೆಂಡಿನ ಬ್ರಯಾನ್ ಸೈಕ್ಸ್ ಅನ್ನುವ ವಿಜ್ಞಾನಿಗೆ ನನಗೆ ಬಂದ ಅನುಮಾನವೇ ಬಂದಿತ್ತು ಅನ್ನಿಸುತ್ತದೆ. ಸೈಕ್ಸ್ ಅಂತಲೇ ಅಡ್ಡಹೆಸರಿದ್ದ 48 ಗಂಡಸರ ವೈ ನೋಡಿದರು. 2000ದಲ್ಲಿ ಬಂದ ಫಲಿತಾಂಶದಲ್ಲಿ 21 ಜನರದು ಒಂದೇ ನಮೂನೆ. ಆಮೇಲೆ 2009ರಲ್ಲಿ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ಹೋಲಿಸಿದರು. ಅಪರೂಪದ ಅಡ್ಡಹೆಸರಿನವರು ಬಹಳಷ್ಟು ಸಲ ನಿಜಕ್ಕೂ ಒಂದೇ ಬಳ್ಳಿಯವರು. ಆದರೆ ಸ್ಮಿತ್‌ಗಳು? ದಾರೀಲಿ ಸಿಕ್ಕ ಯಾರೋ ಇಬ್ಬರಿಗಿಂತ ಹತ್ತಿರವೇನಲ್ಲ. ಸ್ಮಿತ್ ಅಂದರೆ ನಮ್ಮ ಕಮ್ಮಾರ. ಕುಲುಮೆ ಇದ್ದ ಊರಲ್ಲೆಲ್ಲ ಒಬ್ಬೊಬ್ಬ ಸ್ಮಿತ್ ಇದ್ದ. ನಮ್ಮ ಅಂಗಡಿ ಕಥೆಯೂ ಅಷ್ಟೇ ಅಲ್ವಾ?

ಹಾಗಂತ ಅಲ್ಲಿಯ ಲೆಕ್ಕ ಎಲ್ಲವೂ ಇಲ್ಲಿ ನಡೆಯಲ್ಲ. ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ 1875ರಲ್ಲಿ, ಒಂದೇ ಅಡ್ಡಹೆಸರಿನ ಗಂಡುಹೆಣ್ಣು ಎಷ್ಟು ಸಲ ಮದುವೆಯಾಗಿದ್ದಾರೆ ಅಂತ ಎಣಿಸಿ, ಅದರಿಂದ ಸಂಬಂಧದೊಳಗಿನ ಮದುವೆಗಳನ್ನು ಅಂದಾಜು ಮಾಡಿದ್ದರು. ಇದನ್ನು ಸಿಂಧನೂರಿಗೋ ಗಂಗಾವತಿಗೋ ತಂದರೆ ಪೂರ್ತಿ ಉಲ್ಟಾ ಆಗುತ್ತದೆ. ನಮ್ಮಲ್ಲಿ ಒಂದೇ ಬೆಡಗಿನವರು, ಅಂದರೆ ಅಪ್ಪನ ಕಡೆಯಿಂದ ಒಂದೇ ಕುಲದವರು, ಅಣ್ಣತಂಗಿಯರ ಲೆಕ್ಕ, ಕೊಡುವುದು ತರುವುದು ಇಲ್ಲ. ಸಂಬಂಧದೊಳಗೆ ಮದುವೆ ನಡೆಯುವುದು, ಉದಾಹರಣೆಗೆ, ಸೋದರಮಾವನ ಮಗಳ ಜೊತೆ, ಅವಳ ಅಡ್ಡಹೆಸರೇ ಬೇರೆ! ಹೆಸರು ಬೇರೆ, ರಕ್ತ ಹತ್ತಿರ. ಅಂಥ ದಂಪತಿಯ ಮಗುವಿಗೆ ಮುತ್ತಜ್ಜ ಮುತ್ತಜ್ಜಿಯರು ಎಂಟು ಜನ ಇರಲ್ಲ, ಆರೇ ಜನ, ಯಾಕಂದರೆ ಒಂದು ಜೋಡಿ ಎರಡೂ ಕಡೆಯಿಂದ ಬಂದಿರುತ್ತದೆ. ಕಾಗದದ ಮೇಲೆ ವಂಶವೃಕ್ಷ ಬರೆಯೋಕೆ ಕೂತವರಿಗೆ ಗೊತ್ತು, ಕೊಂಬೆಗಳು ಮೇಲೆ ಹೋಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಹಳೇ ಕಾಗದಗಳ ಕಥೆ ಬೇರೆ. ಬಳ್ಳಾರಿ 1953ರ ತನಕ ಮದ್ರಾಸಿನಲ್ಲಿತ್ತು. ರಾಯಚೂರು, ಕೊಪ್ಪಳ ಹೈದರಾಬಾದಿನಲ್ಲಿದ್ದವು, ಕೊಪ್ಪಳವಂತೂ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಜಹಗೀರಿ. ಹೈದರಾಬಾದಿನ ಸರ್ಕಾರಿ ಬರವಣಿಗೆ ಉರ್ದು. ಆ ಲಿಪಿಯಲ್ಲಿ ನಮ್ಮ ‘ಳ’ ಇಲ್ಲ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದೂ ಇಲ್ಲ. ಹಳ್ಳಿಯೂ ಹಲ್ಲಿಯೂ ಒಂದೇ ತರ ಕಾಣುತ್ತವೆ. ಒಂದು ಮನೆತನ ಎರಡಾಗೋಕೆ, ಎರಡು ಒಂದಾಗೋಕೆ ಇಷ್ಟು ಸಾಕು. ಹಾಗಾಗಿ ಹೆಸರೊಂದನ್ನೇ ಹಿಡಿದು ಹೋಗಬೇಡಿ. ಹೊಲದ ಸರ್ವೆ ನಂಬರು, ಮೂಲ ಊರು, ಮನೆದೇವರು, ಬೆಡಗು, ಇವೆಲ್ಲ ಒಟ್ಟಿಗೆ ಕೂಡಿದರೆ ಮಾತ್ರ ನಂಬಿ. ವೀರಭದ್ರ ಮನೆದೇವರು ಅಂದರೆ ಏನೂ ಹೇಳಿದಂತಾಗಲಿಲ್ಲ, ಅರ್ಧ ಜಿಲ್ಲೆಗೆ ಅವನೇ. ಯಾವ ಊರ ವೀರಭದ್ರ ಅಂತ ಕೇಳಬೇಕು.

ಇದನ್ನೆಲ್ಲ ಮೊದಲಿಂದ ಮಾಡುತ್ತಾ ಬಂದವರು ಹೆಳವರು. ಕೆಲವು ವರ್ಷಕ್ಕೊಮ್ಮೆ ಎತ್ತು, ಗಂಟೆ ಸಮೇತ ಬಂದು ಮನೆತನದ ಹೆಸರುಗಳನ್ನು ಒಪ್ಪಿಸಿ, ಜೋಳ, ಬಟ್ಟೆ, ಕಾಣಿಕೆ ಪಡೆದು ಹೋಗುವವರು. ನಮ್ಮ ಮನೆಗೆ ಬಂದ ಹೆಳವಜ್ಜ ಕಟ್ಟೆ ಮೇಲೆ ಕೂತು, ಕೆಂಪು ಬಟ್ಟೆ ಬಿಚ್ಚಿ, ಅಂಚು ಸವೆದ ಉದ್ದನೆ ಪುಸ್ತಕ ತೆಗೆದ. ಮದುವೆಯ ಕಥೆ ಹೇಳಿ, ಆ ಅಂಗಡಿಯವರೂ ನಾವೂ ಒಂದೇನಾ ಅಂತ ಕೇಳಿದೆ. ಹಾಳೆ ತಿರುವುತ್ತಾ ನಕ್ಕ.

‘ಅವ್ರ ಮಾತು ಬಿಡ್ರಿ. ನೀವರ ಎಲ್ಲಿ ಅಂಗಡಿಯವರು? ನಿಮ್ಮ ಮುತ್ಯಾನ ಮುತ್ಯಾ ಲಿಂಗಸುಗೂರ ಕಡಿಂದ ಈ ಮನಿಗೆ ಮನಿಅಳಿಯ ಆಗಿ ಬಂದವ. ಅಂಗಡಿ ಅವನ ಹೆಂಡ್ತಿ ಅಪ್ಪಂದು.’

ಅಂದರೆ ಹೆಸರು ಅಜ್ಜಿ ಕಡೆಯದು, ವೈ ಲಿಂಗಸುಗೂರಿನದು. ಮನೆಅಳಿಯತನ, ದತ್ತು ಬಂದಲ್ಲಿ ಹೀಗಾಗಬಹುದು, ಹೆಸರೊಂದು ದಾರಿ, ವೈ ಒಂದು ದಾರಿ. ವೈ ಎಷ್ಟೇ ತೆಗೆದು ನೋಡಿದರೂ ಆ ಮಾವನ ಅಂಗಡಿ ಅದರಲ್ಲಿ ಕಾಣುವುದಿಲ್ಲ, ಹೆಳವಜ್ಜನ ಪುಸ್ತಕದಲ್ಲಿ ಕಾಣುತ್ತದೆ.

‘ಹಂಗಾದ್ರ ಲಿಂಗಸುಗೂರಾಗ ನಮ್ಮ ಅಡ್ಡಹೆಸರೇನಿತ್ತಜ್ಜಾ?’

‘ಅದು ಇನ್ನೊಬ್ಬ ಹೆಳವನ ಪುಸ್ತಕದಾಗ ಐತಿ’ ಅಂತ ಹೇಳಿ, ಜೋಳದ ಚೀಲದ ಬಾಯಿ ಬಿಚ್ಚಿ ಹಿಡಿದ.