ತೋಟದ ಮನೆ ಬಾಡಿಗೆಗೆ ಕೊಟ್ಟರೆ ಎಲ್ಲಿ ಸಿಕ್ಕಿಕೊಳ್ಳುತ್ತೀರಿ?

ನಂದಿ ತಪ್ಪಲಿನ ಊರುಗಳಲ್ಲಿ ಶನಿವಾರ ರಾತ್ರಿಯ ಕೋಣೆಗೆ ಬೆಲೆ ತಂದುಕೊಟ್ಟಿದ್ದು ಭಾನುವಾರದ ಸೂರ್ಯೋದಯ. ಬೆಂಗಳೂರಿನಿಂದ ಬೆಟ್ಟ ಸುಮಾರು 60 ಕಿಲೋಮೀಟರ್, ತಂಗಲೇಬೇಕಾದ ದೂರವೇನಲ್ಲ. ಆದರೆ ಬೆಳಗಿನ ಜಾವ ಗೇಟಿನ ಮುಂದೆ ಬೆಳೆಯುವ ವಾಹನಗಳ ಸಾಲಿಗೆ ಹೆದರಿದವರು ಹಿಂದಿನ ರಾತ್ರಿಯೇ ಬಂದುಬಿಡುತ್ತಾರೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು, 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣವಾಯಿತು. ದ್ರಾಕ್ಷಿ ತೋಟದ ಮಗ್ಗುಲಿನ ಎರಡು ಕೋಣೆಗೂ ಈಗ ಗಿರಾಕಿ ಇದ್ದಾರೆ.

ನಮ್ಮ ರಾಜ್ಯದಲ್ಲಿ ಹೋಮ್‌ಸ್ಟೇ ಬೇರೂರಿದ್ದು ಕೊಡಗು, ಚಿಕ್ಕಮಗಳೂರಿನಲ್ಲಿ. ಈ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಎಸ್ಟೇಟ್ ಮನೆಯವರು ಖಾಲಿ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮಗಳೂ ಅಂಥ ಮನೆಗೇ ಒಗ್ಗುತ್ತವೆ: ಬಾಡಿಗೆಗೆ 1ರಿಂದ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ಮಲೆನಾಡಿನಲ್ಲಿ ಮನೆ ಇರುವುದೇ ತೋಟದೊಳಗೆ. ಬಯಲುಸೀಮೆಯಲ್ಲಿ ಹಾಗಲ್ಲ. ಇಲ್ಲಿ ಸಂಸಾರ ಊರೊಳಗೆ, ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ. ಅತಿಥಿಗೆ ಬೇಕಾದದ್ದು ಊರಾಚೆಯ ತೋಟ. ತೊಡಕು ಶುರುವಾಗುವುದು ಇಲ್ಲೇ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮು ರೈತನಿಗೆ ಭೂ ಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಇಲ್ಲದೆಯೇ ತೋಟದ ಮನೆ ಕಟ್ಟಿಕೊಳ್ಳಲು ಬಿಡುತ್ತದೆ. ಅದು ಹಿಡುವಳಿಯ ಶೇ 10ನ್ನು ಮೀರಬಾರದು, ಅದಕ್ಕೂ ಒಂದು ಗರಿಷ್ಠ ಮಿತಿ ಇದೆ. ಒಂದೂವರೆ ಎಕರೆ ಎಂದರೆ 60 ಗುಂಟೆ. ಅದರ ಹತ್ತನೇ ಒಂದು ಪಾಲು 6 ಗುಂಟೆ, ಅಂದರೆ 6,534 ಚದರ ಅಡಿ. ಜಾಗಕ್ಕೇನೂ ಕೊರತೆಯಿಲ್ಲ. ಅದೇ ಕಲಮಿನ ವಿವರಣೆಯನ್ನು ಮಾತ್ರ ಹೆಚ್ಚಿನವರು ಓದಿರುವುದಿಲ್ಲ: ಈ ಮನೆ ರೈತನ ಸ್ವಂತ ಬಳಕೆಗೆ, ವಾಣಿಜ್ಯ ಚಟುವಟಿಕೆಗೆ ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲ. ಒಂದು ರಾತ್ರಿಗೆ ಕೊಟ್ಟರೂ ತಪ್ಪೇ.

ಪರಿವರ್ತನೆ ಮಾಡಿಸೋಣವೆಂದರೆ ಪಹಣಿ ಅಡ್ಡ ಬರುತ್ತದೆ. ತಾತನ ಹೆಸರಿನಲ್ಲೇ ಉಳಿದ ಜಮೀನು, ಇಲ್ಲವೇ ಅಣ್ಣತಮ್ಮಂದಿರ ನಾಲ್ಕು ಹೆಸರು ಕೂಡಿರುವ ಜಂಟಿ ಖಾತೆ. ಹತ್ತು ಗುಂಟೆಗಷ್ಟೇ ಪರಿವರ್ತನೆ ಬೇಕೆಂದರೂ ಮೊದಲು ಆ ತುಂಡನ್ನು ಅಳೆದು ಬೇರೆ ತೋರಿಸುವ 11ಇ ನಕ್ಷೆ ಆಗಬೇಕು, ಅದಕ್ಕೂ ಮೊದಲು ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ, ವಿಭಾಗ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ಅರ್ಜಿ ನಿಲ್ಲುವುದು ಹೆಚ್ಚಾಗಿ ಮನೆಯೊಳಗೇ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಹಾಗೆ ಕೊಂಡವರ ಪಹಣಿಯಲ್ಲಿ ಒಂದೇ ಹೆಸರು, ಕಾಗದ ಓಡಿಸಲು ಏಜೆಂಟರಿದ್ದಾರೆ, ಮನೆ ನೋಡಿಕೊಳ್ಳಲು ಕಾವಲುಗಾರನಿದ್ದಾನೆ. ಮಾಲೀಕ ಅಲ್ಲಿ ವಾಸವಿಲ್ಲ. ಊರಿನ ರೈತ ವಾಸವಿದ್ದಾನೆ, ಅವನ ಬಳಿ ಕಾಗದವಿಲ್ಲ. ಕಟ್ಟುನಿಟ್ಟು ಮಾಡುವುದಾದರೆ ಮೊದಲು ವಾಸದ ನಿಯಮವನ್ನೇ ಮಾಡಬೇಕು. ಸ್ವಂತ ಹಿಡುವಳಿಯಲ್ಲಿ ಬಾಳುವ ರೈತನಿಗೆ ಒಂದೆರಡು ಕೋಣೆಯ ಮಟ್ಟಿಗೆ 95ನೇ ಕಲಮು ಸಡಿಲವಾಗಬೇಕು.

ವರ್ಷಗಟ್ಟಲೆ ಯಾರೂ ಕೇಳಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ. ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಬಹುಕಾಲ ನಡೆದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂತು.

ಈಗಿನ ಮಟ್ಟಿಗೆ ಭದ್ರವಾದ ದಾರಿ ಗ್ರಾಮಠಾಣಾದೊಳಗಿನ, ಅಂದರೆ ಊರಿನ ವಸತಿ ಜಾಗದೊಳಗಿನ, ವಾಸದ ಮನೆ. ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದ್ದರೆ ಪರಿವರ್ತನೆಯ ಗೋಜಿಲ್ಲ. ಪಂಚಾಯಿತಿಯಲ್ಲಿ ವಿಚಾರಿಸಿ, ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಾಯಿಸಿ. ಅತಿಥಿಗಳ ಹೆಸರು, ಗುರುತಿನ ಚೀಟಿಯ ವಿವರ ಬರೆದಿಡುವ ಪುಸ್ತಕ ಇರಲಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದೆ ನೀವು ಜಿಎಸ್‌ಟಿ ನೋಂದಣಿ ಮಾಡಿಸದಿದ್ದರೆ, ಆ್ಯಪ್ ಮೂಲಕ ಬಂದ ಬುಕಿಂಗ್‌ನ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ. ಆದರೆ ಆ ಲೆಕ್ಕವೇ ಬಾಡಿಗೆಗೆ ದಾಖಲೆ ಎಂಬುದು ತೋಟದ ಮನೆಯವರ ನೆನಪಿನಲ್ಲಿರಲಿ.

ಕಾಗದಕ್ಕಿಂತ ಮೊದಲು ಕೈಕೊಡುವುದು ಶೌಚದ ಗುಂಡಿ. ಸಿಮೆಂಟ್ ಬಳೆ ಇಳಿಸಿದ ಗುಂಡಿ ಐದು ಜನರ ಸಂಸಾರಕ್ಕೆ ಸಾಕು. ಶನಿವಾರ ಹತ್ತು ಜನ ಬಂದರೆ, ತಲೆಗೆ 135 ಲೀಟರಿನಂತೆ, ದಿನಕ್ಕೆ 1,350 ಲೀಟರ್ ನೀರು ಹೆಚ್ಚುವರಿ. ಸುತ್ತಲಿನ ಮಣ್ಣು ಅಷ್ಟನ್ನು ಹೀರುವುದಿಲ್ಲ. ಸೋಮವಾರದ ಹೊತ್ತಿಗೆ ಗುಂಡಿ ಉಕ್ಕಿ ಪಕ್ಕದ ಮನೆಯ ಹಿತ್ತಿಲಿಗೆ ಹರಿಯುತ್ತದೆ. ಹತ್ತು ಜನರ ಬಳಕೆಗೆ ಸುಮಾರು 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಸೆಪ್ಟಿಕ್ ಟ್ಯಾಂಕ್ ಬೇಕು. ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರವಿರಬೇಕು. ಪಕ್ಕದ ಮನೆಯವರ ದೂರು ಪಂಚಾಯಿತಿಗೆ ಹೋಗುವುದು ನಾತದ ಬಗ್ಗೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಂದು ಮೊದಲು ಕೇಳುವುದು ನಮೂನೆ 9.