ಕವಳೆ ಬೇಲಿ ಸೊಂಪಾಗಿದೆ, ಹಣ್ಣೇಕೆ ಬಿಡುತ್ತಿಲ್ಲ?

ಪ್ರಶ್ನೆ: ಮನೆ ಹಿತ್ತಲಿಗೆ ಕವಳೆ ಗಿಡದ ಬೇಲಿ ಹಾಕಿ ನಾಲ್ಕು ವರ್ಷವಾಯಿತು. ಆರೈಕೆ ಬೇಡ, ಹಣ್ಣಿಗೆ ಹಕ್ಕಿಗಳು ಬರುತ್ತವೆ ಎಂದು ಕೇಳಿ ಹಾಕಿದ್ದು. ಎರಡು ತಿಂಗಳಿಗೊಮ್ಮೆ ಕತ್ತರಿಸಿ ಅಚ್ಚುಕಟ್ಟಾಗಿ ಇಟ್ಟಿದ್ದೇವೆ. ಬೇಲಿ ದಟ್ಟವಾಗಿದೆ, ಆದರೆ ಹಣ್ಣಿಲ್ಲ, ಹಕ್ಕಿಯೂ ಇಲ್ಲ. ಇವು ಗಂಡು ಗಿಡಗಳೇ?

ಉತ್ತರ: ಅಲ್ಲ. ಕವಳೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಎಂಬ ಭೇದವಿಲ್ಲ, ಒಂದೇ ಹೂವಿನಲ್ಲಿ ಎರಡೂ ಭಾಗಗಳಿರುತ್ತವೆ. ಎರಡು ತಿಂಗಳಿಗೊಮ್ಮೆ ಕತ್ತರಿಸುತ್ತಿರುವುದೇ ಹಣ್ಣು ಬಾರದಿರಲು ಕಾರಣ.

ಒಂದು ರೆಂಬೆಯನ್ನು ಹತ್ತಿರದಿಂದ ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿವೆ. ಗೆಣ್ಣಿನಲ್ಲಿ ಗಟ್ಟಿ ಮುಳ್ಳುಗಳು, ಕೆಲವು ತುದಿಯಲ್ಲಿ ಕವಲೊಡೆದಿವೆ. ಹೂಗೊಂಚಲು ಬರುವುದು ಚಿಗುರಿನ ತುದಿಯಲ್ಲಿ. ಮಳೆಗಾಲದಲ್ಲಿ ಹೊರಟ ಚಿಗುರು ಚಳಿಗಾಲದ ಹೊತ್ತಿಗೆ ಬಲಿತು, ಫೆಬ್ರುವರಿ ಮಾರ್ಚ್‌ನಲ್ಲಿ ಮೊಗ್ಗು ಹೊರುತ್ತದೆ. ಅದು ಬಲಿಯುವ ಮೊದಲೇ ಕತ್ತರಿ ಬಿದ್ದರೆ ಗಿಡ ಮತ್ತೆ ಹೊಸ ಚಿಗುರಿಗೆ ಶಕ್ತಿ ಹಾಕುತ್ತದೆ. ಅದೂ ಎರಡು ತಿಂಗಳಲ್ಲಿ ಹೋಗುತ್ತದೆ. ಹಸಿರು ಗೋಡೆ ಬೆಳೆಯುತ್ತಲೇ ಇರುತ್ತದೆ, ಹೂವಿನ ಹಂತ ಬರುವುದೇ ಇಲ್ಲ.

ಹಾಗಾಗಿ ವರ್ಷಕ್ಕೆ ಒಂದೇ ಸಲ ಕತ್ತರಿಸಿ, ಅದೂ ಹಣ್ಣು ಮುಗಿದ ಕೂಡಲೇ. ಮಲೆನಾಡು, ಕರಾವಳಿಯ ಕಾಡು ಕವಳೆ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಹಣ್ಣಾಗುತ್ತದೆ. ಅದಕ್ಕೆ ಜುಲೈ ಸರಿ. ನರ್ಸರಿಯ ದಪ್ಪ ಹಣ್ಣಿನ ತಳಿಗಳಲ್ಲಿ ಆಗಸ್ಟ್ ದಾಟಿಯೂ ಹಣ್ಣು ಉಳಿಯುವುದುಂಟು. ಅವನ್ನು ಸೆಪ್ಟೆಂಬರ್‌ಗೆ ಮುಗಿಸಿ. ಆಮೇಲೆ ಮುಂದಿನ ಹಣ್ಣು ಮುಗಿಯುವ ತನಕ ಕತ್ತರಿ ಮುಟ್ಟಬೇಡಿ.

ಇನ್ನೂ ಒಳ್ಳೆಯ ಕ್ರಮವೆಂದರೆ ಬೇಲಿಯ ಒಂದು ಮಗ್ಗುಲನ್ನು ಮಾತ್ರ ಕತ್ತರಿಸುವುದು. ಈ ವರ್ಷ ರಸ್ತೆ ಕಡೆಯದು, ಮುಂದಿನ ವರ್ಷ ಮನೆ ಕಡೆಯದು. ಯಾವ ವರ್ಷವೂ ಅರ್ಧ ಬೇಲಿ ಪೂರ್ತಿ ಹೂವಿಗೆ ಸಿಗುತ್ತದೆ, ಹಕ್ಕಿಗಳಿಗೆ ಮರೆಯೂ ಉಳಿಯುತ್ತದೆ. ತಲೆಭಾಗವನ್ನು ಹಲಗೆಯಂತೆ ಸಪಾಟು ಮಾಡುವ ಆಸೆ ಬಿಡಿ. ಉದ್ದ ಹೋದ ರೆಂಬೆಯನ್ನಷ್ಟೇ ಒಂದೊಂದಾಗಿ ಒಳಗಿನ ಕವಲಿನ ತನಕ ತೆಗೆಯಿರಿ. ಅಂಚು ತುಸು ಒರಟಾಗಿ ಕಾಣುತ್ತದೆ. ಹಣ್ಣು ಕೂರುವುದು ಆ ಒರಟು ಅಂಚಿನಲ್ಲೇ.

ಕತ್ತರಿಸುವ ಮುನ್ನ ಒಳಗೆ ಗೂಡಿದೆಯೇ ನೋಡಿ. ಮುಳ್ಳಿನ ಆಸರೆಗೆ ಪಿಕಳಾರ ಸಣ್ಣ ಬಟ್ಟಲಿನಂಥ ಗೂಡು ಕಟ್ಟುತ್ತದೆ, ಮಳೆಗಾಲದಲ್ಲಿ ಮುನಿಯ ಹಕ್ಕಿ ಹುಲ್ಲಿನ ಉಂಡೆಯಂಥದ್ದು. ಮೊಟ್ಟೆ ಅಥವಾ ಮರಿ ಕಂಡರೆ ಆ ಭಾಗವನ್ನು ನಾಲ್ಕು ವಾರ ಬಿಟ್ಟುಬಿಡಿ. ಕೈಗೆ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕವಳೆ ಕಣಗಿಲೆಯ ಕುಟುಂಬದ್ದು, ಕೊಯ್ದ ಕಡೆಯೆಲ್ಲ ಬಿಳಿ ಹಾಲು ಒಸರುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಕತ್ತರಿಗೆ ಅಂಟಿದ್ದು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಕತ್ತರಿಸಿದ ರೆಂಬೆಗಳನ್ನು ಅದೇ ದಿನ ಎತ್ತಿ, ಒಣಗಿದ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಬರುತ್ತದೆ.

ಕತ್ತರಿ ನಿಲ್ಲಿಸಿದ ಮೇಲೂ ಹೂ ಬಾರದಿದ್ದರೆ ಮೊದಲು ಬಿಸಿಲು ನೋಡಿ. ದಿನಕ್ಕೆ 6 ಗಂಟೆ ನೇರ ಬಿಸಿಲಿಲ್ಲದ ಕಡೆ, ಮಾವಿನ ಮರದಡಿಯಲ್ಲಿ ಅಥವಾ ಎತ್ತರದ ಕಾಂಪೌಂಡಿನ ನೆರಳಲ್ಲಿ, ಕವಳೆ ಬದುಕುತ್ತದೆ ಹೊರತು ಹೂ ಬಿಡುವುದು ಕಡಿಮೆ. ಆಮೇಲೆ ಗೊಬ್ಬರ. ಹುಲ್ಲುಹಾಸಿಗೆ ಹಾಕುವ ಯೂರಿಯಾ ಪಕ್ಕದ ಬೇಲಿಗೂ ಸಿಕ್ಕರೆ ಎಲೆಯೇ ಎಲೆ. ಬೆಳೆದ ಗಿಡಕ್ಕೆ ಮಳೆಗಾಲದ ಆರಂಭದಲ್ಲಿ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿದರೆ ವರ್ಷಕ್ಕೆ ಸಾಕು. ಚಳಿಗಾಲದಲ್ಲಿ ನೀರು ಬೇಡ. ಡಿಸೆಂಬರ್ ಜನವರಿಯಲ್ಲಿ ಮಣ್ಣು ಒಣಗಲಿ, ಆ ಬಿಡುವಿನ ನಂತರ ಮೊಗ್ಗು ಚೆನ್ನಾಗಿ ಬರುತ್ತದೆ.

ಹೂ ಬಿಟ್ಟಾಗ ಯಾವ ಔಷಧಿಯನ್ನೂ ಸಿಂಪಡಿಸಬಾರದು. ಬಿಳಿ ಹೂವಿನ ಕೊಳವೆ ಸಪೂರ, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಆ ಕೊಳವೆಯ ತಳದ ಮಕರಂದಕ್ಕೆ ಉದ್ದ ಸೊಂಡಿಲಿನ ಪತಂಗ, ಚಿಟ್ಟೆಗಳು ಬರುತ್ತವೆ. ಅವು ಸತ್ತರೆ ಕಾಯಿ ಕಟ್ಟುವುದೂ ಕುಸಿಯುತ್ತದೆ. ಚಿಗುರಿಗೆ ಬಿಳಿ ಹಿಟ್ಟು ತಿಗಣೆ ಹತ್ತಿದರೆ ಪೈಪಿನ ರಭಸದ ನೀರಲ್ಲಿ ತೊಳೆಯಿರಿ. ಅಲ್ಲಲ್ಲಿ ಎಲೆ ತಿಂದ ಹುಳು ಕಂಡರೆ ಬಿಟ್ಟುಬಿಡಿ, ದರ್ಜಿ ಹಕ್ಕಿಯ ಮರಿಗಳ ಹೊಟ್ಟೆ ತುಂಬುವುದು ಹುಳುಗಳಿಂದಲೇ.

ಬೇಲಿಯಲ್ಲಿ ಸತ್ತ ಗಿಡದ ಜಾಗ ತುಂಬಬೇಕಿದ್ದರೆ ಬೀಜದಿಂದ ಸಸಿ ಮಾಡುವುದೇ ಸುಲಭ. ಒಣ ಬೀಜ ಮಾತ್ರ ಕೊಳ್ಳಬೇಡಿ, ಕವಳೆ ಬೀಜ ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ಪೂರ್ತಿ ಕಪ್ಪಾದ ಹಣ್ಣನ್ನು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಿಚುಕಿ, ತಿರುಳೂ ಅಂಟೂ ಹೋಗುವಂತೆ ತೊಳೆದು, ಎರಡು ಮೂರು ದಿನದೊಳಗೆ ಬಿತ್ತಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಾಂಪೋಸ್ಟ್, ಒಂದು ಸೆಂಟಿಮೀಟರ್ ಆಳ. ಕಡ್ಡಿ ನೆಟ್ಟರೆ ಬೇರು ಬಿಡುವುದು ಕಷ್ಟ. ಬೇಕಾದ ತಳಿಯೇ ಬೇಕೆಂದರೆ ಮಳೆಗಾಲದಲ್ಲಿ ಗೂಟಿ ಕಟ್ಟಬೇಕು, ಅಂದರೆ ಗಿಡದಲ್ಲಿರುವ ರೆಂಬೆಯ ತೊಗಟೆ ಸುಲಿದು, ತೇವದ ಪಾಚಿ ಸುತ್ತಿ ಅಲ್ಲೇ ಬೇರು ಬರಿಸಬೇಕು. ಪಂತ್‌ನಗರ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ದಾಪೋಲಿ ಕೃಷಿ ವಿಶ್ವವಿದ್ಯಾಲಯದ ಕೊಂಕಣ್ ಬೋಲ್ಡ್ ಮುಂತಾದ ತಳಿಗಳು ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ಹಕ್ಕಿಗಳಿಗೇ ಆದರೆ ಕಾಡಿನ ಸಣ್ಣ ಹಣ್ಣಿನದು ಮೇಲು, ಪಿಕಳಾರದ ಕೊಕ್ಕಿಗೆ ಅದು ಇಡಿಯಾಗಿ ಹಿಡಿಸುತ್ತದೆ.

ಒಂದು ವರ್ಷದ ಸಸಿಯನ್ನು ಜೂನ್‌ನಲ್ಲಿ 45 ಸೆಂಟಿಮೀಟರ್ ಉದ್ದಗಲ ಆಳದ ಗುಂಡಿಯಲ್ಲಿ, 5 ಕಿಲೋ ಕೊಟ್ಟಿಗೆ ಗೊಬ್ಬರದೊಂದಿಗೆ ನೆಡಿ. ಅಂತರ ಒಂದು ಮೀಟರ್. ದನ ನುಗ್ಗದ ಬೇಲಿಗೆಂದು ಅರ್ಧ ಮೀಟರಿಗೊಂದು ನೆಡುವುದುಂಟು, ಆದರೆ ಆಗ ನಡುವಿನ ರೆಂಬೆಗಳಿಗೆ ಬಿಸಿಲೇ ಬೀಳುವುದಿಲ್ಲ. ಮುರಕಲ್ಲು, ಜಲ್ಲಿ ಮಣ್ಣು, ಇಳಿಜಾರು ಯಾವುದಾದರೂ ನಡೆಯುತ್ತದೆ. ನೀರು ನಿಲ್ಲುವ ಎರೆಮಣ್ಣಿನಲ್ಲಿ ಮಾತ್ರ ಎಲೆ ಹಳದಿಯಾಗಿ ಬೇರು ಕೊಳೆಯುತ್ತದೆ, ಅಲ್ಲಿ ಒಂದಡಿ ದಿಬ್ಬ ಮಾಡಿ ನೆಡಬೇಕು. ಮೊದಲ ಎರಡು ಬೇಸಿಗೆ ವಾರಕ್ಕೆ 10 ಲೀಟರ್ ನೀರು, ಆಮೇಲೆ ಬೇಕಿಲ್ಲ. ಸಸಿ ಮೊಣಕಾಲೆತ್ತರ ಬಂದಾಗ ಒಮ್ಮೆ ತುದಿ ಚಿವುಟಿದರೆ ಬುಡದಿಂದ ಕವಲೊಡೆಯುತ್ತದೆ. ಸಾಮಾನ್ಯವಾಗಿ ಮೂರನೇ ವರ್ಷ ಹಣ್ಣು ಕಾಣಬಹುದು.

ಹಕ್ಕಿ ಬರಲೆಂದು ಲಂಟಾನ ನೆಡುವವರಿಗೆ ಒಂದು ಮಾತು: ದಯವಿಟ್ಟು ಬೇಡ. ಅದರ ಬೀಜವನ್ನೂ ಹಕ್ಕಿಗಳೇ ಹರಡುತ್ತವೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲವನ್ನು ಅದು ನುಂಗಿರುವುದು ಕಣ್ಣೆದುರಿಗಿದೆ. ಹಳದಿ ಮಣಿಯಂಥ ಕಾಯಿ ಬಿಡುವ ಡುರಾಂಟ ಮಕ್ಕಳಿರುವ ಮನೆಗೆ ತಕ್ಕದ್ದಲ್ಲ, ಆ ಕಾಯಿ ಮನುಷ್ಯರಿಗೆ ವಿಷ. ಕವಳೆ ನಮ್ಮ ನೆಲದ್ದೇ ಗಿಡ.

ಹಣ್ಣಾದಾಗ ಎಲ್ಲವನ್ನೂ ಕೊಯ್ಯಬೇಡಿ. ಉಪ್ಪಿನಕಾಯಿಗೆ, ಜೆಲ್ಲಿಗೆ ಬೇಕಾಗುವುದು ಕಾಯಿ ಅಥವಾ ಕೆಂಪು ದೋರೆ, ಜೆಲ್ಲಿಯನ್ನು ಗಟ್ಟಿಯಾಗಿಸುವ ಪೆಕ್ಟಿನ್ ಹೆಚ್ಚಿರುವುದೂ ಅದರಲ್ಲೇ. ಬೇಕರಿಯ ಕೇಕಿನ ಮೇಲೆ ಚೆರ್ರಿ ಎಂದು ಕೂರುವುದು ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಕುದಿಸಿದ ಈ ಕವಳೆಯೇ. ಕೈಗೆಟಕುವ ಕೆಳಗಿನ ಕೊಂಬೆಗಳದ್ದನ್ನು ನೀವು ಕೊಯ್ದುಕೊಳ್ಳಿ. ಮೇಲಿನದು ಕಪ್ಪಾಗುವ ತನಕ ಇರಲಿ, ಹುಳಿ ಇಳಿದು ಸಿಹಿಯಾದ ಮೇಲೆಯೇ ಪಿಕಳಾರ, ಕೋಗಿಲೆ, ಮೈನಾ ಬರುವುದು. ಬುಡದಲ್ಲಿ ಉದುರಿದ್ದನ್ನೂ ಗುಡಿಸಬೇಡಿ, ಕಾಡಂಚಿನ ಊರುಗಳಲ್ಲಿ ರಾತ್ರಿ ಪುನುಗು ಬೆಕ್ಕು ಅದನ್ನು ಹುಡುಕಿಕೊಂಡು ಬರುತ್ತದೆ.